ಕುಚ್ಚಿನ ಮಾಲೆ: ಪಾರ್ಟಿಯ ಅಲಂಕಾರ ನಮ್ಮ ಕೈಯಲ್ಲೇ



ಮೂವತ್ತು ನಲವತ್ತು ಜನರ ಸಣ್ಣ ಪಾರ್ಟಿ ಆರ್ಡರುಗಳು ಈಗ ನಮ್ಮಂಥ ಮಧ್ಯಮ ಹೋಟೆಲಿನವರಿಗೆ ಬಹಳ ಮುಖ್ಯವಾಗಿವೆ. ಮಗುವಿನ ಮೊದಲ ಹುಟ್ಟುಹಬ್ಬ, ಸೀಮಂತ, ನಾಮಕರಣ, ಆಫೀಸಿನವರ ನಿವೃತ್ತಿಯ ಬೀಳ್ಕೊಡುಗೆ, ಇಂಥವುಗಳಿಗೆ ದೊಡ್ಡ ಹಾಲು ಯಾರಿಗೂ ಬೇಡ. ನಮ್ಮ ಮೇಲಿನ ಏಸಿ ಸೆಕ್ಷನ್ನೇ ಸಾಕು. ಗಿರಾಕಿ ಬಂದವರು ಮೊದಲು ಮೆನು ಕೇಳುತ್ತಾರೆ, ಆಮೇಲೆ ಪ್ಲೇಟಿನ ದರ ಕೇಳುತ್ತಾರೆ, ಮೂರನೆಯ ಪ್ರಶ್ನೆ ತಪ್ಪದೆ ಬರುತ್ತದೆ: "ಡೆಕೋರೇಶನ್ ನಿಮ್ಮದೇ ಇದೆಯಾ?"

ಇಲ್ಲ ಎಂದರೆ ಎರಡರಲ್ಲಿ ಒಂದು ಆಗುತ್ತದೆ. ಆರ್ಡರ್ ಪಕ್ಕದ ಪಾರ್ಟಿ ಹಾಲಿಗೆ ಹೋಗುತ್ತದೆ. ಇಲ್ಲವೇ ಗಿರಾಕಿಯೇ ಹೊರಗಿನ ಡೆಕೋರೇಟರನ್ನು ಕರೆತರುತ್ತಾರೆ. ಅವರು ಪಾರ್ಟಿಗೆ ಅರ್ಧ ಗಂಟೆ ಇರುವಾಗ ಬಂದು, ಗೋಡೆಗೆಲ್ಲಾ ಟೇಪು ಹಚ್ಚಿ, ಥರ್ಮೊಕೋಲಿನ ಅಕ್ಷರ ಅಂಟಿಸಿ, ಪ್ಲಾಸ್ಟಿಕ್ ಕಡ್ಡಿಯ ಬಲೂನು ಸಿಕ್ಕಿಸಿ ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಅದನ್ನೆಲ್ಲಾ ಕಿತ್ತು ಗೋಣಿಯಲ್ಲಿ ತುಂಬುವವರು ನಮ್ಮ ಹುಡುಗರು. ಟೇಪಿನ ಜೊತೆ ಗೋಡೆಯ ಬಣ್ಣವೂ ಕಿತ್ತು ಬರುತ್ತದೆ.

ಗೋಡೆಯ ಬಣ್ಣ ಸಣ್ಣ ವಿಷಯ. ದೊಡ್ಡದು ಕಾನೂನು. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ಮತ್ತು ಥರ್ಮೊಕೋಲಿನ ಮೇಲೆ ನಿಷೇಧ ಬಂದಾಗ ಮೊದಲ ಸಲಕ್ಕೆ 5,000 ರೂಪಾಯಿ, ಎರಡನೆಯ ಸಲಕ್ಕೆ 10,000, ಮೂರನೆಯ ಸಲಕ್ಕೆ 25,000 ಮತ್ತು ಮೂರು ತಿಂಗಳ ಜೈಲು ಎಂದು ದಂಡ ಗೊತ್ತುಪಡಿಸಿದರು. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ನಿಷೇಧ ಜಾರಿಗೆ ಬಂತು. 2022ರ ಜುಲೈ 1ರಿಂದ ಇಡೀ ದೇಶಕ್ಕೇ ಅನ್ವಯಿಸುವ ನಿಯಮ ಬಂದಿದೆ. ಅದರ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲು, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರು ಎಲ್ಲವೂ ಸೇರಿವೆ. ನಮ್ಮಲ್ಲಿ ಹೆಚ್ಚಿನವರಿಗೆ ಪ್ಲೇಟು, ಚಮಚ, ಸ್ಟ್ರಾ ನೆನಪಿದೆ, ಅಲಂಕಾರದ ಸಾಮಾನು ನೆನಪಿಲ್ಲ. ತಂದವರು ಡೆಕೋರೇಟರ್ ಆದರೂ ಇನ್ಸ್‌ಪೆಕ್ಟರ್ ಬಂದಾಗ ಗಲ್ಲಾದಲ್ಲಿ ಕುಳಿತಿರುವವರು ನಾವು.

ಹಾಗಾದರೆ ಏನು ಕಟ್ಟುವುದು? ಹೂವು ಮತ್ತು ಮಾವಿನ ತೋರಣ ನಮ್ಮದೇ, ಅದನ್ನು ಬಿಡಬೇಕೆಂದು ಹೇಳುವುದಿಲ್ಲ. ಆದರೆ ಮುಂಬಯಿಯಂಥ ಊರಿನಲ್ಲಿ ಹೂವಿನ ದರ ಹಬ್ಬದ ವಾರ ಕೈಗೆ ಸಿಗುವುದಿಲ್ಲ, ಏಸಿ ಹಾಲಿನಲ್ಲಿ ಸಂಜೆಗೆ ಬಾಡುತ್ತದೆ, ಮತ್ತು ಒಂದೇ ಸಲದ ಖರ್ಚು. ಒಮ್ಮೆ ಮಾಡಿ ಹಲವು ಸಲ ಕಟ್ಟಬಹುದಾದದ್ದು ಕುಚ್ಚಿನ ಮಾಲೆ. ನಮ್ಮ ಹೋಟೆಲಿನಲ್ಲಿ ಅದನ್ನೇ ಕಟ್ಟುತ್ತಿದ್ದೇವೆ. ಮಾಡುವ ಕ್ರಮವನ್ನು ಸದಸ್ಯರಿಗೆ ತಿಳಿಸೋಣ ಎಂದು ಈ ಲೇಖನ.

ಕುಚ್ಚು ನಮಗೆ ಹೊಸದೇನಲ್ಲ. ಜಡೆಕುಚ್ಚು ಗೊತ್ತು, ಸೀರೆಯ ಸೆರಗಿನ ಕುಚ್ಚು ಗೊತ್ತು, ದೇವರ ಸತ್ತಿಗೆಯ ಅಂಚಿನಲ್ಲಿ ನೋಡಿದ್ದೇವೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೂ ಕೊರಳಿಗೂ ಕಟ್ಟುವ ಗೊಂಡೆಯೂ ಇದೇ. ಲಂಬಾಣಿ ಹೆಂಗಸರ ಉಡುಪಿನಲ್ಲಿ ಕವಡೆಯ ಜೊತೆ ತೂಗುವುದೂ ಇದೇ. ಇದನ್ನು ಸಾಲಾಗಿ ಒಂದು ಹುರಿಗೆ ಕಟ್ಟಿ ಗೋಡೆಗೆ ತೂಗಿಸಿದರೆ ಪಾರ್ಟಿಯ ಮಾಲೆ. ಗಿರಾಕಿಗಳು ಮೊಬೈಲಿನಲ್ಲಿ ಫೋಟೋ ತೋರಿಸಿ "ಹೀಗೇ ಬೇಕು" ಎನ್ನುವುದು ಬಹಳ ಸಲ ಇದನ್ನೇ. ಅಂಗಡಿಯಲ್ಲಿ ನಮೂನೆ ನೋಡಬೇಕಾದರೆ ಮುಂಬಯಿ, ಪುಣೆಯಲ್ಲಿ "ಗೊಂಡಾ" ಎಂದು ಕೇಳಿ, ಹಿಂದಿಯವರಲ್ಲಿ "ಲಟಕನ್" ಅಥವಾ "ಫುಂದನಾ", ಚೆನ್ನೈಯಲ್ಲಿ "ಕುಂಜಂ". ಹೈದರಾಬಾದಿನಲ್ಲಿ ನಮ್ಮ ಹಾಗೆ ಕುಚ್ಚು ಎಂದರೇ ತಿಳಿಯುತ್ತದೆ. ಸಾಮಾನು ಮುಂಬಯಿಯ ಭುಲೇಶ್ವರ, ಪುಣೆಯ ತುಳಶಿಬಾಗ್, ಹೈದರಾಬಾದಿನ ಬೇಗಂ ಬಜಾರ್, ದೆಹಲಿಯ ಕಿನಾರಿ ಬಜಾರ್ ಮತ್ತು ಸದರ್ ಬಜಾರ್, ಚೆನ್ನೈಯ ಸೌಕಾರಪೇಟೆ ಕಡೆ ಸಿಗುತ್ತದೆ.

ಸಾಮಾನು ತರುವ ಮೊದಲು ಒಂದು ಪರೀಕ್ಷೆ ಕಲಿತುಕೊಳ್ಳಬೇಕು. ಇದನ್ನು ಮಾತ್ರ ಯಾರೂ ಬಿಡಬೇಡಿ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಬಣ್ಣಬಣ್ಣದ ಉಂಡೆ ಹೆಚ್ಚಾಗಿ ಕುರಿಯ ಉಣ್ಣೆ ಅಲ್ಲ, ಅಕ್ರಿಲಿಕ್. ನೋಡಲು ಚೆನ್ನ, ಅಗ್ಗ, ಬಣ್ಣವೂ ಹೋಗುವುದಿಲ್ಲ. ಆದರೆ ಬೆಂಕಿ ತಾಗಿದರೆ ಬೇಗ ಹಿಡಿದು, ಕರಗಿ, ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಒಂದು ಗೇಣು ನೂಲು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ ತಾಗಿಸಿ. ಪಕ್ಕದಲ್ಲಿ ನೀರು ಇರಲಿ. ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉಳಿದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು ತಾನಾಗಿ ನಂದುವಂತಿದ್ದರೆ ನಿಜವಾದ ಉಣ್ಣೆ. ಕರಗಿ, ತಣ್ಣಗಾದ ಮೇಲೆ ಕಪ್ಪು ಗಟ್ಟಿ ಮಣಿಯಾದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್.

ಹತ್ತಿ ಉರಿಯುವುದಿಲ್ಲ ಎಂದು ಇದರ ಅರ್ಥವಲ್ಲ. ಹತ್ತಿಯೂ ಚೆನ್ನಾಗಿಯೇ ಉರಿಯುತ್ತದೆ, ಆದರೆ ಕರಗಿ ಜನರ ತಲೆಯ ಮೇಲೆ ಬೀಳುವುದಿಲ್ಲ. ಮುಂಬಯಿಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರ ಮಧ್ಯರಾತ್ರಿಯ ನಂತರ ಮಾಳಿಗೆಯ ಮೇಲಿನ ಹೋಟೆಲುಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಅಲ್ಲಿ ಆಗ ಒಂದು ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿತ್ತು. ಹುಕ್ಕಾದ ಕೆಂಡದ ಕಿಡಿ ಪರದೆ ಮತ್ತು ಅಲಂಕಾರದ ಸಾಮಾನಿಗೆ ತಾಗಿತು ಎಂದು ಅಗ್ನಿಶಾಮಕ ದಳದ ವರದಿ ಹೇಳಿತು. ನಮ್ಮಲ್ಲಿ ಹುಕ್ಕಾ ಇಲ್ಲ ನಿಜ. ಬಫೆಯ ಕೆಳಗೆ ಉರಿಯುವ ಜೆಲ್ ಇದೆ, ಕೇಕಿನ ಮೇಲೆ ಕಿಡಿ ಹಾರಿಸುವ ಮೇಣದಬತ್ತಿ ಇದೆ. ತೂಗುವ ಸಾಮಾನು ಯಾವುದಾದರೂ ಬೆಂಕಿಯಿಂದ ದೂರ ಇರಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದ್ದನ್ನು ಓದಿ.

ಮೊದಲು ನೂಲಿನ ಕುಚ್ಚು. ಬೇಕಾಗುವುದು ದಪ್ಪ ಹತ್ತಿ ನೂಲು, ಕತ್ತರಿ, ಬಾಚಣಿಗೆ ಮತ್ತು 5 ಇಂಚು ಅಗಲದ ಗಟ್ಟಿ ರಟ್ಟು. ಸಾಮಾನು ಬಂದ ಪೆಟ್ಟಿಗೆಯ ರಟ್ಟೇ ಆಗುತ್ತದೆ, ಬಾಗದ ಹಾಗೆ ಎರಡು ಪದರ ಅಂಟಿಸಿಕೊಳ್ಳಿ. ನೂಲಿನ ತುದಿಯನ್ನು ರಟ್ಟಿನ ಕೆಳ ಅಂಚಿಗೆ ಹಿಡಿದು ಸುತ್ತುತ್ತಾ ಹೋಗಿ. ದಪ್ಪ ನೂಲಿಗೆ 40 ಸುತ್ತು. ತೆಳು ನೂಲಾದರೆ 100ರ ಹತ್ತಿರ ಬೇಕಾಗುತ್ತದೆ. ಬಿಗಿಯಾಗಿ ಎಳೆಯಬೇಡಿ, ಎಳೆದರೆ ರಟ್ಟು ಬಾಗಿ ಕುಚ್ಚು ಗಿಡ್ಡವಾಗುತ್ತದೆ. ಸುತ್ತು ಎಣಿಸುವುದನ್ನು ಮಾತ್ರ ಬಿಡಬಾರದು. ಒಂದರಲ್ಲಿ 40, ಇನ್ನೊಂದರಲ್ಲಿ 30 ಆದರೆ ಕೈಯಲ್ಲಿ ಹಿಡಿದಾಗ ತಿಳಿಯುವುದಿಲ್ಲ, ಸಾಲಾಗಿ ತೂಗಿಸಿದಾಗ ತಿಳಿಯುತ್ತದೆ.

ಸುತ್ತಿ ಆದ ಮೇಲೆ ಒಂದು ಅಡಿ ಉದ್ದದ ಬೇರೆ ನೂಲನ್ನು ರಟ್ಟಿನ ಮೇಲಿನ ಅಂಚಿನಲ್ಲಿ ಎಲ್ಲಾ ಸುತ್ತುಗಳ ಅಡಿಯಿಂದ ತೂರಿಸಿ ಬಿಗಿಯಾಗಿ ಎರಡು ಗಂಟು ಹಾಕಿ. ಇದೇ ಆಮೇಲೆ ತೂಗುವ ಕುಣಿಕೆ. ಕೆಳ ಅಂಚಿನಲ್ಲಿ ಕತ್ತರಿ ತೂರಿಸಿ ಎಲ್ಲಾ ಎಳೆ ಕತ್ತರಿಸಿ, ರಟ್ಟು ತೆಗೆಯಿರಿ. ಈಗ ತಲೆಯಿಂದ ಮುಕ್ಕಾಲು ಇಂಚು ಕೆಳಗೆ ಕುತ್ತಿಗೆ ಕಟ್ಟಬೇಕು. ಇನ್ನೊಂದು ನೂಲನ್ನು ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ, ಗಂಟು ಹಾಕಿ, ತುದಿಗಳನ್ನು ಸೂಜಿಯಿಂದ ಒಳಕ್ಕೆ ತೂರಿಸಿ ಬಿಡಿ. ಕುತ್ತಿಗೆಗೆ ಬೇರೆ ಬಣ್ಣದ ನೂಲು ಅಥವಾ ಜರಿ ಹಾಕಿದರೆ ಅಷ್ಟರಿಂದಲೇ ಕುಚ್ಚಿಗೆ ಕಳೆ ಬರುತ್ತದೆ. ಕುತ್ತಿಗೆ ಸಡಿಲಾದರೆ ಎಳೆಗಳು ಒಂದೊಂದೇ ಜಾರುತ್ತವೆ. ನಮ್ಮ ಮನೆಯವರು ಸೀರೆಗೆ ಕುಚ್ಚು ಕಟ್ಟುವವರು. ಒಂದು ಎಳೆ ಹಿಡಿದು ಎಳೆದಾಗ ಇಡೀ ಕುಚ್ಚು ಕೈಗೆ ಬರಬೇಕೇ ಹೊರತು ಎಳೆ ಮಾತ್ರ ಬರಬಾರದು ಎಂಬುದು ಅವರ ಲೆಕ್ಕ.

ಕೊನೆಗೆ ಬಾಚಣಿಗೆಯಿಂದ ಬಾಚಿ ಬಿಡಿ ನಾರು ತೆಗೆದು, ತುದಿಯನ್ನು ಸಮ ಮಾಡಿ ಕತ್ತರಿಸಿ. ಒಂದು ಕಾಗದದ ಪಟ್ಟಿಯನ್ನು ಕುಚ್ಚಿನ ಸುತ್ತ ಸುರುಳಿ ಸುತ್ತಿ, ಪಟ್ಟಿಯಿಂದ ಹೊರಗೆ ಕಂಡದ್ದನ್ನು ಮಾತ್ರ ಕತ್ತರಿಸಿದರೆ ಎಲ್ಲವೂ ಒಂದೇ ಅಳತೆ ಬರುತ್ತವೆ.

ನೂಲು ಎಷ್ಟು ಬೇಕು? 5 ಇಂಚಿನ ರಟ್ಟಿಗೆ ಒಂದು ಸುತ್ತು ಎಂದರೆ 10 ಇಂಚು. 40 ಸುತ್ತಿಗೆ 400 ಇಂಚು, ಎಂದರೆ ಹತ್ತು ಮೀಟರಿಗೆ ಸ್ವಲ್ಪ ಮೇಲೆ. ಕಟ್ಟುವ ನೂಲಿಗೆ ಅರ್ಧ ಮೀಟರ್ ಸೇರಿಸಿ. 15 ಕುಚ್ಚಿಗೆ ಸುಮಾರು 160 ಮೀಟರ್. ಉಂಡೆಯ ಚೀಟಿಯ ಮೇಲೆ ಮೀಟರ್ ಬರೆದಿರುತ್ತದೆ, ತೂಕ ನೋಡಿ ಕೊಳ್ಳಬೇಡಿ, ಮೀಟರ್ ನೋಡಿ ಕೊಳ್ಳಿ. ದರ ಊರಿಂದೂರಿಗೆ ಬೇರೆ, ನಿಮ್ಮ ಊರಿನ ದರ ಹಾಕಿ ನೋಡಿದರೆ ಡೆಕೋರೇಟರ್ ಕೇಳುವುದಕ್ಕೂ ಇದಕ್ಕೂ ಎಷ್ಟು ಅಂತರ ಎಂದು ನಿಮಗೇ ತಿಳಿಯುತ್ತದೆ.

ನಮಗೆ ಇದಕ್ಕಿಂತ ಮೆಚ್ಚಿಗೆಯಾದದ್ದು ಬಟ್ಟೆಯ ಕುಚ್ಚು. ಕಾರಣ, ಬಟ್ಟೆ ನಮ್ಮಲ್ಲೇ ಬಿದ್ದಿರುತ್ತದೆ. ಸಾಂಬಾರಿನ ಕಲೆ ಹೋಗದ, ಮೂಲೆಯಲ್ಲಿ ತೂತು ಬಿದ್ದ ಟೇಬಲ್ ಕ್ಲಾತುಗಳನ್ನು ಏನು ಮಾಡುತ್ತೇವೆ? ಒರಸುವ ಬಟ್ಟೆ ಮಾಡುತ್ತೇವೆ. ಅದೂ ಎಷ್ಟೆಂದು ಬೇಕು? 54 ಇಂಚು ಚೌಕದ ಒಂದು ಟೇಬಲ್ ಕ್ಲಾತನ್ನು 9 ಇಂಚು ಅಗಲ, 16 ಇಂಚು ಉದ್ದದ ತುಂಡು ಮಾಡಿದರೆ ಅಡ್ಡಕ್ಕೆ 6, ಉದ್ದಕ್ಕೆ 3, ಒಟ್ಟು 18 ತುಂಡು. ಒಂದು ತುಂಡಿಗೆ ಒಂದು ಕುಚ್ಚು. ಒಂದು ಮಾಲೆಗೆ 15 ಹಾಕಿ, ಮೂರು ಉಳಿಸಿಕೊಳ್ಳಬಹುದು. ಕಲೆ, ತೂತು ಇರುವ ತುಂಡುಗಳನ್ನು ಆ ಮೂರರಲ್ಲಿ ಬಿಟ್ಟರಾಯಿತು. ಪಾಲಿಯೆಸ್ಟರ್ ಮಿಶ್ರಣದ ಬಟ್ಟೆಯೂ ನಮ್ಮಲ್ಲಿ ಬಹಳ ಇರುತ್ತದೆ, ಆದ್ದರಿಂದ ಇಲ್ಲಿಯೂ ಕಡ್ಡಿ ಗೀರುವ ಪರೀಕ್ಷೆ ಆಗಲೇಬೇಕು.

ತುಂಡನ್ನು ಉದ್ದಕ್ಕೆ ಮಧ್ಯದಲ್ಲಿ ಮಡಿಸಿ, 8 ಇಂಚು ಮಾಡಿ. ಮಡಿಕೆ ಮೇಲಿರಲಿ. ಕೆಳಗಿನಿಂದ ಅರ್ಧರ್ಧ ಇಂಚಿನ ಪಟ್ಟಿಗಳಾಗಿ ಕತ್ತರಿಸುತ್ತಾ ಬನ್ನಿ, ಮಡಿಕೆಗೆ ಒಂದೂವರೆ ಇಂಚು ಇರುವಾಗ ನಿಲ್ಲಿಸಿ. ಹತ್ತಿ ಬಟ್ಟೆಯಾದರೆ ಕತ್ತರಿಯಿಂದ ಸಣ್ಣ ಗಾಯ ಮಾಡಿ ಕೈಯಿಂದ ಹರಿದರೂ ನೇಯ್ಗೆಯ ದಾರಿ ಹಿಡಿದು ನೇರವಾಗಿ ಹರಿಯುತ್ತದೆ, ಆದರೆ ನಾರು ಬಹಳ ಹಾರುತ್ತದೆ. ಈ ಕೆಲಸ ಅಡುಗೆಮನೆಯ ಹತ್ತಿರ ಬೇಡ, ಮೇಲಿನ ರೂಮಿನಲ್ಲೋ ಮನೆಯಲ್ಲೋ ಆಗಲಿ. ಈಗ ಮಡಿಕೆ ಬಿಚ್ಚಿ ಹಾಸಿ. ನಡುವೆ ಮೂರು ಇಂಚಿನ ಕತ್ತರಿಸದ ಪಟ್ಟಿ, ಎರಡೂ ಕಡೆ 18ರಂತೆ ಝಾಲರು. ನಡುವಿನ ಪಟ್ಟಿಯನ್ನು ಒಂದು ಬದಿಯಿಂದ ಬೀಡಿ ಸುತ್ತಿದ ಹಾಗೆ ಬಿಗಿಯಾಗಿ ಸುರುಳಿ ಸುತ್ತಿ, ಸುರುಳಿಯನ್ನು ಸ್ವಲ್ಪ ತಿರುಚಿ, ಮಧ್ಯದಲ್ಲಿ ಬಾಗಿಸಿ. ಬಾಗಿದಲ್ಲಿ ಕುಣಿಕೆಯಾಗುತ್ತದೆ, ಎರಡೂ ಕಡೆಯ ಝಾಲರು ಒಟ್ಟಿಗೆ ಕೆಳಗೆ ಬೀಳುತ್ತದೆ. ಕುಣಿಕೆಯ ಬುಡದಲ್ಲಿ ದಾರದಿಂದ ಕಟ್ಟಿ. ಅಷ್ಟೇ. ಒಂದೆರಡು ಮಾಡುವಾಗ ಕೈ ತಡವರಿಸುತ್ತದೆ, ಆಮೇಲೆ ಮಾತಾಡುತ್ತಲೇ ಮಾಡಬಹುದು.

ಬಿಳಿ ಬಟ್ಟೆಗೆ ಬಣ್ಣ ಕಟ್ಟಲು ನಮ್ಮ ಅಡುಗೆಮನೆಯಲ್ಲೇ ಸಾಮಾನಿದೆ. ದಿನಾ ಚೀಲಗಟ್ಟಲೆ ಎಸೆಯುವ ಈರುಳ್ಳಿ ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ ಸೋಸಿದರೆ ಹೊನ್ನಿನಂಥ ಕಿತ್ತಳೆ ಬಣ್ಣದ ನೀರು ಸಿಗುತ್ತದೆ. ಸ್ವಲ್ಪ ಪಟಿಕ ಸೇರಿಸಿದ ನೀರಿನಲ್ಲಿ ಬಟ್ಟೆಯನ್ನು ಮೊದಲು ನೆನೆಸಿ, ಆಮೇಲೆ ಈ ಬಣ್ಣದಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಇಟ್ಟರೆ ಹಿಡಿದುಕೊಳ್ಳುತ್ತದೆ. ಚಹಾ ಸೋಸಿ ಉಳಿದ ಪುಡಿಯನ್ನು ಮತ್ತೆ ಕುದಿಸಿದರೆ ತಿಳಿ ಕಂದು. ಅರಿಶಿನದ ವಿಷಯ ಹೇಳಬೇಕಾಗಿಲ್ಲ, ಬೇಡವೆಂದರೂ ಹತ್ತುವ ಬಣ್ಣ ಅದು. ಅರಿಶಿನಕ್ಕೆ ಸುಣ್ಣ ತಾಗಿದರೆ ಓಕುಳಿಯ ಕೆಂಪಾಗುತ್ತದೆ, ಅದರ ಮೇಲೆ ಲಿಂಬೆಹುಳಿ ಬಿದ್ದರೆ ತಿರುಗಿ ಹಳದಿ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಆದ್ದರಿಂದ ನೆರಳಲ್ಲಿ ಒಣಗಿಸಿ. ಈ ಬಣ್ಣಗಳು ಪೇಟೆಯ ಬಣ್ಣದಷ್ಟು ಗಾಢ ಬರುವುದಿಲ್ಲ. ಆದರೆ ಸೀಮಂತ, ನಾಮಕರಣದಂಥ ಕಾರ್ಯಕ್ಕೆ ಆ ಮಂದ ಹಳದಿ, ಕೇಸರಿ ಬಹಳ ಲಕ್ಷಣವಾಗಿ ಕಾಣುತ್ತದೆ, ಮತ್ತು "ಇದು ಈರುಳ್ಳಿ ಸಿಪ್ಪೆಯ ಬಣ್ಣ" ಎಂದು ಹೇಳಿದರೆ ಗಿರಾಕಿಗಳೇ ನಾಲ್ಕು ಜನಕ್ಕೆ ಹೇಳುತ್ತಾರೆ.

ಗಾಢ ಬಣ್ಣವೇ ಬೇಕೆಂದರೆ ಪೇಟೆಯ ಬಟ್ಟೆಬಣ್ಣದ ಪುಡಿ ತನ್ನಿ, ಪೊಟ್ಟಣದ ಮೇಲೆ ಬರೆದಂತೆ ಉಪ್ಪು ಹಾಕಿ ಮಾಡಿ. ಆದರೆ ಅದಕ್ಕೆ ಹಳೆಯ ಬೇರೆ ಪಾತ್ರೆ ಇಡಿ, ಅಡುಗೆಯ ಪಾತ್ರೆ ಮುಟ್ಟಬೇಡಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಕುಚ್ಚು ಗಿರಾಕಿಯ ರೇಷ್ಮೆ ಸೀರೆಗೂ ಹತ್ತುತ್ತದೆ.

ಕಾಗದದ ಕುಚ್ಚೂ ಇದೆ. ಗಾಳಿಪಟದ ತೆಳು ಕಾಗದವನ್ನು ಬಟ್ಟೆಯ ಹಾಗೆಯೇ ಮಡಿಸಿ, ಕತ್ತರಿಸಿ, ಸುರುಳಿ ಸುತ್ತಿದರಾಯಿತು. ಕ್ರೇಪ್ ಕಾಗದ ಬೇಡ, ಹನಿ ನೀರು ಬಿದ್ದರೆ ಬಣ್ಣ ಬಿಡುತ್ತದೆ. ಅವಸರಕ್ಕೆ ಒಂದು ದಿನದ ಮಟ್ಟಿಗೆ ಕಾಗದ ಸರಿ, ಆದರೆ ಬೆಂಕಿಗೆ ಇದರಷ್ಟು ಬೇಗ ತುತ್ತಾಗುವುದು ಬೇರೆ ಇಲ್ಲ. ನಮ್ಮ ಹಾಲಿನಲ್ಲಿ ಕಾಗದದ್ದನ್ನು ಕಟ್ಟುವುದಿಲ್ಲ. ಹೊಳೆಯುವ ಪ್ಲಾಸ್ಟಿಕ್ ಫಾಯಿಲಿನ ಕುಚ್ಚು ಸಿದ್ಧ ಸಿಗುತ್ತದೆ, ಅದರ ಸಹವಾಸವೇ ಬೇಡ.

ಇನ್ನು ಪೋಣಿಸುವ ಲೆಕ್ಕ. ಗೋಡೆಯ 12 ಅಡಿ ಅಗಲಕ್ಕೆ ಒಂದು ಮಾಲೆ ಎಂದಿಟ್ಟುಕೊಳ್ಳಿ. ನಡುವೆ ಒಂದು ಅಡಿ ಇಳಿಬಿಟ್ಟರೆ ಅಂದ. ಅದಕ್ಕಾಗಿ ಹುರಿ ಬಹಳ ಉದ್ದ ಬೇಕೆಂದು ಎಲ್ಲರೂ ಭಾವಿಸುತ್ತಾರೆ. ಹಾಗಿಲ್ಲ. 12 ಅಡಿಗೆ ಒಂದು ಅಡಿ ಇಳಿಬೀಳಲು ಹೆಚ್ಚಿಗೆ ಬೇಕಾಗುವುದು ಬರೀ 3 ಇಂಚು. ಎರಡು ಅಡಿ ಹೆಚ್ಚಿಟ್ಟು ಕಟ್ಟಿದರೆ ಮಾಲೆ ನೇರ ಕೇಕಿನ ಮೇಲೆ ಬರುತ್ತದೆ. ಎರಡೂ ತುದಿಗೆ ಕಟ್ಟಲು ಒಂದೊಂದು ಅಡಿ ಸೇರಿಸಿ ಒಟ್ಟು ಹದಿನಾಲ್ಕೂಕಾಲು ಅಡಿ ಹುರಿ ತೆಗೆದುಕೊಳ್ಳಿ. ಸಣಬಿನ ಹುರಿ ಒಳ್ಳೆಯದು, ಕುಚ್ಚು ಅದರ ಮೇಲೆ ಜಾರುವುದಿಲ್ಲ. ನೈಲಾನ್ ದಾರದಲ್ಲಿ ಎಲ್ಲವೂ ಜಾರಿ ನಡುವೆ ಗುಂಪಾಗುತ್ತವೆ.

9 ಇಂಚಿಗೆ ಒಂದರಂತೆ ಗುರುತು ಮಾಡಿದರೆ ಎರಡೂ ತುದಿ ಬಿಟ್ಟು 15 ಕುಚ್ಚು ಕೂರುತ್ತವೆ. 15 ಬೆಸಸಂಖ್ಯೆ, ಆದ್ದರಿಂದ ಎಂಟನೆಯದು ಸರಿಯಾಗಿ ನಡುವೆ ಬರುತ್ತದೆ. ಮೊದಲು ಹುರಿಯನ್ನು ಎರಡು ಮಡಿಸಿ ನಡು ಹುಡುಕಿ, ಅಲ್ಲಿಂದ ಎರಡೂ ಕಡೆ ಕಟ್ಟುತ್ತಾ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಯಲ್ಲಿ ಅಳತೆ ತಪ್ಪುತ್ತದೆ. ನೂಲಿನ ಕುಚ್ಚಾದರೆ ಕುಣಿಕೆಯನ್ನು ಹುರಿಯ ಹಿಂದಿನಿಂದ ಮುಂದಕ್ಕೆ ತಂದು ಅದರೊಳಗೆ ಕುಚ್ಚನ್ನೇ ತೂರಿಸಿ ಎಳೆದರೆ ಗಂಟಿಲ್ಲದೆ ನಿಲ್ಲುತ್ತದೆ, ಬಣ್ಣ ಬದಲಿಸಬೇಕಾದಾಗ ಬಿಚ್ಚಲೂ ಸುಲಭ. ಬಟ್ಟೆಯ ಕುಚ್ಚಿಗೆ ಕುಣಿಕೆ ದಪ್ಪ, ಅದನ್ನು ದಾರದಿಂದ ಹುರಿಗೆ ಬಿಗಿಯಿರಿ.

ಬಣ್ಣದ ವಿಷಯದಲ್ಲಿ ಗಿರಾಕಿಯ ಮಾತು ಕೇಳಬೇಕು. ಸೀಮಂತಕ್ಕೆ ಹಸಿರು, ಅರಿಶಿನ ಯಾರೂ ಬೇಡ ಎನ್ನುವುದಿಲ್ಲ. ನಮ್ಮವರು ಶುಭಕಾರ್ಯಕ್ಕೆ ಕಪ್ಪು ಮುಟ್ಟುವುದಿಲ್ಲ, ಆದರೆ ಮರಾಠಿಗರು ಸಂಕ್ರಾಂತಿಗೆ ಕಪ್ಪನ್ನೇ ಉಡುತ್ತಾರೆ, ಮಗುವಿನ ಬೋರನ್ಹಾಣಕ್ಕೆ ಕಪ್ಪು ಬಟ್ಟೆ ತೊಡಿಸಿ ಹಲ್ವದ ಬಿಳಿ ಆಭರಣ ಹಾಕುತ್ತಾರೆ. ಆ ದಿನ ಕಪ್ಪು ಬಿಳುಪಿನ ಮಾಲೆ ಕಟ್ಟಿಕೊಟ್ಟರೆ "ಇವರಿಗೆ ನಮ್ಮ ಪದ್ಧತಿ ಗೊತ್ತು" ಎಂದು ಸಂತೋಷಪಡುತ್ತಾರೆ. ಆಗಸ್ಟ್ 15, ಜನವರಿ 26ಕ್ಕೆ ಪ್ಲಾಸ್ಟಿಕ್ ಬಾವುಟದ ಸರ ಕಟ್ಟುವ ರೂಢಿಯನ್ನು ಬಿಡಬೇಕು. ಪ್ಲಾಸ್ಟಿಕ್ ನಿಷೇಧ ಒಂದು. ಧ್ವಜಸಂಹಿತೆಯಲ್ಲಿ ರಾಷ್ಟ್ರಧ್ವಜವನ್ನು ತೋರಣದ ಹಾಗೆ ಅಲಂಕಾರಕ್ಕೆ ಬಳಸಬಾರದು ಎಂದಿದೆ, ಅದು ಇನ್ನೊಂದು. ಕೇಸರಿ, ಬಿಳಿ, ಹಸಿರು ಕುಚ್ಚನ್ನು ಒಂದರ ಪಕ್ಕ ಒಂದು ಬರುವಂತೆ ಒಂದೇ ಸಾಲಿನಲ್ಲಿ ಪೋಣಿಸಿ. ಒಂದರ ಕೆಳಗೆ ಒಂದು ಮೂರು ಪಟ್ಟೆ ಮಾಡಿ ಧ್ವಜದಂತೆ ಕಾಣಿಸಬೇಡಿ.

ಕಟ್ಟುವ ಜಾಗಕ್ಕೆ ಬರೋಣ. ನಮ್ಮ ಧಂಧೆಯಲ್ಲಿ ಇದೇ ಮುಖ್ಯ, ಮನೆಯಲ್ಲಿ ಕಟ್ಟುವವರಿಗೆ ಇಷ್ಟು ಚಿಂತೆ ಇಲ್ಲ. ಊಟದ ಮೇಲೆ ಎಂದೂ ಕಟ್ಟಬಾರದು. ಬಫೆ ಸಾಲಿನ ನೇರ ಮೇಲೆ ಮಾಲೆ ಬಿಟ್ಟರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಗಿರಾಕಿ ಒತ್ತಾಯಿಸುತ್ತಾರೆ. ಆದರೆ ಅಲ್ಲಿ ಹಬೆ ಏಳುತ್ತದೆ, ನೂಲು ಒದ್ದೆಯಾಗುತ್ತದೆ, ನಾರು ಉದುರುತ್ತದೆ. ಸಾಂಬಾರಿನಲ್ಲಿ ಒಂದು ಎಳೆ ಕಪ್ಪು ನೂಲು ಕಂಡರೆ ಅದು ನೂಲೆಂದು ಯಾವ ಗಿರಾಕಿಯೂ ಒಪ್ಪುವುದಿಲ್ಲ, ಕೂದಲೇ ಎನ್ನುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗೆದು ಹಾಕಿದ ಮೇಲೆ ನಾವು ಎಷ್ಟು ವಿವರಿಸಿದರೂ ಏನೂ ಪ್ರಯೋಜನವಿಲ್ಲ. ಕಪ್ಪು ಮಾಲೆ ಕಟ್ಟುವ ದಿನ ಇದನ್ನು ಇನ್ನೂ ಗಟ್ಟಿಯಾಗಿ ಪಾಲಿಸಬೇಕು. ಯಾವ ಮಾಲೆಯಾದರೂ ಕಟ್ಟುವ ಮೊದಲು ಹೊರಗೆ ಒಯ್ದು ಚೆನ್ನಾಗಿ ಕೊಡವಿ ತನ್ನಿ.

ಬಫೆ ಪಾತ್ರೆಯ ಕೆಳಗಿನ ಜೆಲ್ಲಿನ ಉರಿ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಎನ್ನುವಷ್ಟು ತೆಳು. ಆರಿದೆ ಎಂದುಕೊಂಡು ಹುಡುಗರು ಮೇಜನ್ನು ಗೋಡೆಯ ಕಡೆ ತಳ್ಳುತ್ತಾರೆ. ಆದ್ದರಿಂದ ಬಫೆಯ ಗೋಡೆಗೆ ಏನೂ ತೂಗುಹಾಕದಿರುವುದೇ ಒಳ್ಳೆಯದು. ಕೇಕಿನ ಮೇಜಿನ ಹಿಂದೆ ಕಟ್ಟುವುದಾದರೆ ಮೇಜನ್ನು ಗೋಡೆಯಿಂದ ಕನಿಷ್ಠ ಮೂರು ಅಡಿ ಮುಂದೆ ಹಾಕಿ, ಮಾಲೆ ತಲೆಗಿಂತ ಮೇಲಿರಲಿ. ಕಿಡಿ ಹಾರಿಸುವ ಮೇಣದಬತ್ತಿಯನ್ನು ನಾವು ಒಳಗೆ ಹಚ್ಚಲು ಬಿಡುವುದಿಲ್ಲ, ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡುತ್ತೇವೆ. ಒಬ್ಬಿಬ್ಬರು ಮುಖ ಸಿಂಡರಿಸಿದ್ದಾರೆ, ಆರ್ಡರ್ ಯಾರೂ ಬಿಟ್ಟುಹೋಗಿಲ್ಲ.

ಓಡಾಡುವ ಜಾಗದಲ್ಲಿ ಕುಚ್ಚಿನ ತುದಿ ನೆಲದಿಂದ ಏಳು ಅಡಿ ಮೇಲಿರಬೇಕು, ಸಪ್ಲಾಯರ್ ಹುಡುಗರು ಟ್ರೇ ಎತ್ತಿ ಹಿಡಿದು ನಡೆಯುತ್ತಾರೆ. ಫ್ಯಾನಿನ ರೆಕ್ಕೆಯ ತುದಿಯಿಂದ ಮೂರು ಅಡಿ ದೂರ. ಹೊರಹೋಗುವ ಬಾಗಿಲು, ಅದರ ಬೋರ್ಡು, ಬೆಂಕಿ ಆರಿಸುವ ಸಿಲಿಂಡರ್, ಹೊಗೆ ಪತ್ತೆಮಾಡುವ ಯಂತ್ರ, ಇವುಗಳಿಗೆ ಅಡ್ಡ ಬರಬಾರದು. ಬಲ್ಬಿಗೆ, ವಯರಿಗೆ ಕಟ್ಟುವುದಂತೂ ಬೇಡವೇ ಬೇಡ. ಪ್ರತಿ ಸಲ ಮೊಳೆ ಹೊಡೆಯುವ ಬದಲು ಹಾಲಿನ ನಾಲ್ಕು ಗೋಡೆಗೆ ಒಮ್ಮೆ ಸ್ಟೀಲ್ ಕೊಕ್ಕೆ ಹಾಕಿಸಿ, ಕೊಕ್ಕೆಗಳ ನಡುವಿನ ಅಳತೆಗೇ ಮಾಲೆ ಕಟ್ಟಿದರೆ ಹತ್ತು ನಿಮಿಷದಲ್ಲಿ ಅಲಂಕಾರ ಮುಗಿಯುತ್ತದೆ. ಬಾಡಿಗೆ ಜಾಗದವರಿಗೆ ಮಾಲೀಕರೊಡನೆ ಜಗಳವೂ ತಪ್ಪುತ್ತದೆ.

ಯಾರು ಮಾಡಬೇಕು ಎಂಬ ಪ್ರಶ್ನೆ ಇದೆ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಹೋಟೆಲು ಖಾಲಿ, ಹುಡುಗರು ಮಲಗಿರುತ್ತಾರೆ, ಅವರಿಂದಲೇ ಮಾಡಿಸಿದರೆ ಏನು ಎಂದು ಯಾರಿಗಾದರೂ ತೋಚುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಬೆಳಿಗ್ಗೆ ಐದಕ್ಕೆ ಎದ್ದವರಿಗೆ ಆ ಒಂದೂವರೆ ಗಂಟೆಯ ನಿದ್ದೆಯೇ ರಾತ್ರಿಯವರೆಗಿನ ಬಲ. ಅದನ್ನು ಕಸಿದರೆ ಸಂಜೆ ಪ್ಲೇಟು ಒಡೆಯುತ್ತದೆ, ಗಿರಾಕಿಯೊಡನೆ ಮಾತು ಒರಟಾಗುತ್ತದೆ. ನಾವು ಈ ಕೆಲಸವನ್ನು ನಮ್ಮಲ್ಲಿ ದುಡಿಯುವವರ ಮನೆಯ ಹೆಂಗಸರಿಗೆ ಮತ್ತು ವಯಸ್ಸಾಗಿ ಅಡುಗೆಮನೆ ಬಿಟ್ಟ ಒಬ್ಬ ಹಳೆಯ ಭಟ್ಟರಿಗೆ ಕೊಡುತ್ತೇವೆ. ನೂಲು, ಬಟ್ಟೆ ನಮ್ಮದು, ಕುಚ್ಚಿಗೆ ಇಷ್ಟು ಎಂದು ಕೂಲಿ, ತಂದುಕೊಟ್ಟ ದಿನವೇ ನಗದು. ಮೊದಲ ಮಾಲೆಗೆ ಅರ್ಧ ದಿನ ಹಿಡಿಯಿತು, ಕೈ ಪಳಗಿದ ಮೇಲೆ ಎರಡು ಗಂಟೆಗೆ 15 ಕುಚ್ಚು ಆಗುತ್ತದೆ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಮಾಲೆಯೊಂದು ಇಪ್ಪತ್ತು ಪಾರ್ಟಿಗೆ ಬರುತ್ತದೆ.

ಬಿಲ್ಲಿನಲ್ಲಿ ಅಲಂಕಾರವನ್ನು ಪ್ಲೇಟಿನ ದರದಲ್ಲೇ ಸೇರಿಸುವುದೋ ಬೇರೆ ತೋರಿಸುವುದೋ ಎಂಬುದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿಯೇ ನಿರ್ಧರಿಸಿ, ತೆರಿಗೆಯ ಲೆಕ್ಕ ಅದರ ಮೇಲೆ ಬದಲಾಗುತ್ತದೆ. ಗಿರಾಕಿಗೆ ಒಂದು ಮಾತು ಮೊದಲೇ ಹೇಳಬೇಕು, ಮಾಲೆ ಹೋಟೆಲಿನದು, ಮನೆಗೆ ಒಯ್ಯುವಂತಿಲ್ಲ ಎಂದು. ಮಕ್ಕಳು ಕೇಳಿದರೆ ಉಳಿದ ಮೂರರಲ್ಲಿ ಒಂದು ಕುಚ್ಚು ಕೊಟ್ಟುಬಿಡಿ.

ಪಾರ್ಟಿ ಮುಗಿದ ಮೇಲೆ ಮಾಲೆಯನ್ನು ಹಾಗೇ ಮುದ್ದೆ ಮಾಡಿ ತುಂಬಿದರೆ ಮುಂದಿನ ಸಲ ಗೋಜಲು ಬಿಡಿಸಲು ಒಬ್ಬ ಆಳು ಬೇಕು. ಒಂದು ಉದ್ದ ರಟ್ಟಿಗೆ ಹುರಿಯನ್ನು ಸುತ್ತುತ್ತಾ, ಕುಚ್ಚುಗಳೆಲ್ಲಾ ಒಂದೇ ಬದಿಗೆ ಬೀಳುವಂತೆ ಇಡಿ. ಅಡುಗೆಯ ಎಣ್ಣೆ ಹೊಗೆ ಕುಡಿದ ಕುಚ್ಚು ಜಿಡ್ಡಾಗುತ್ತದೆ, ಜಿಡ್ಡಾದದ್ದು ಬೆಂಕಿಗೂ ಬೇಗ ಸಿಗುತ್ತದೆ. ನಾಲ್ಕೈದು ಪಾರ್ಟಿಗೊಮ್ಮೆ ಸಾಬೂನು ನೀರಿನಲ್ಲಿ ಅದ್ದಿ ತೆಗೆದು, ಹಿಂಡದೆ ನೆರಳಲ್ಲಿ ತೂಗಿಸಿ ಒಣಗಿಸಿ. ಅರಿಶಿನದ ಬಣ್ಣದ್ದಕ್ಕೆ ಸಾಬೂನು ಹಾಕಬೇಡಿ, ಕೆಂಪಗಾಗುತ್ತದೆ, ಬರೀ ನೀರು ಸಾಕು. ಪೂರ್ತಿ ಒಣಗಿದ ಮೇಲೆ ಹತ್ತಿಯ ಚೀಲದಲ್ಲಿ ಒಣ ಬೇವಿನ ಎಲೆಯ ಜೊತೆ ಕಟ್ಟಿಡಿ. ನುಸಿಗುಳಿಗೆ ಹಾಕುವುದಾದರೆ ಆ ಚೀಲ ಅಕ್ಕಿ ಬೇಳೆ ಇರುವ ಸ್ಟೋರಿನಲ್ಲಿ ಇರಬಾರದು, ವಾಸನೆ ಅಕ್ಕಿಗೆ ಹಿಡಿಯುತ್ತದೆ. ಚೀಲದ ಬಾಯಿಗೆ ಒಂದು ಚೀಟಿ ಕಟ್ಟಿ: 12 ಅಡಿ, 15 ಕುಚ್ಚು, ಹಳದಿ ಹಸಿರು, ಕೇಕಿನ ಗೋಡೆಗೆ.